ಗಾಳ ಹಾಕುವ ಮುನ್ನ: ನೀರು ಯಾರದು, ತಿಂಗಳು ಯಾವುದು?

ಪುಣೆಯ ಖರಾಡಿಯ ಐಟಿ ಪಾರ್ಕುಗಳ ಬೆನ್ನಿಗೇ ಮುಳಾ-ಮುಠಾ ನದಿ ಹರಿಯುತ್ತದೆ. ಮಳೆ ಹಿಡಿದು ಖಡಕವಾಸಲಾ ಅಣೆಕಟ್ಟಿನ ಗೇಟು ತೆರೆದರೆ ದಂಡೆಗಂಟಿದ ಜಲಪರ್ಣಿ ಕಳೆ ಕೊಚ್ಚಿಹೋಗಿ ನೀರು ಕಣ್ಣಿಗೆ ಬೀಳುತ್ತದೆ. ನೀರಿನ ಹಿಂದೆಯೇ ಗಾಳದವರೂ ಬರುತ್ತಾರೆ. ಕೆಲವರದು ಬಿದಿರಿನ ಕೋಲು, ಕೆಲವರದು ಆನ್‌ಲೈನ್‌ನಲ್ಲಿ ತರಿಸಿದ ರಾಡು-ರೀಲು. ಹೀಗೆ ಮೀನು ಹಿಡಿಯಲು ಯಾರ ಒಪ್ಪಿಗೆಯಾದರೂ ಬೇಕೇ, ಯಾವ ತಿಂಗಳಲ್ಲಿ ಹಿಡಿಯಬಾರದು, ಎಷ್ಟು ದೊಡ್ಡದನ್ನು ಇಟ್ಟುಕೊಳ್ಳಬಹುದು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರವಿರುವುದಿಲ್ಲ.

ಈ ನೀರಿಗೂ ಕನ್ನಡ ನಾಡಿಗೂ ನೇರ ನಂಟಿದೆ. ಖರಾಡಿ ದಾಟಿದ ಮುಳಾ-ಮುಠಾ ರಾಂಜಣಗಾಂವ್ ಸಾಂಡಸ್ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯ ತುಂಬಿ, ಪಂಢರಪುರ ಮುಟ್ಟಿ, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಇಳಿದು, ಗಾಣಗಾಪುರ ದಾಟಿ, ರಾಯಚೂರಿನ ಕಾಡ್ಲೂರು ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಖರಾಡಿಯಲ್ಲಿ ನೆಲೆಸಿದ ಕನ್ನಡಿಗರೂ ಇದೇ ದಾರಿಯಲ್ಲಿ ಊರಿಗೆ ಹೋಗಿ ಬರುವವರು. ಹೋದಾಗ ಅಣ್ಣತಮ್ಮಂದಿರ ಜೊತೆ ಕೆರೆಗೆ ಗಾಳ ಹಾಕುವವರಿದ್ದಾರೆ, ಯುಗಾದಿಗೆ ಮೊಲದ ಬೆನ್ನು ಹತ್ತುವ ಗುಂಪಿನಲ್ಲಿ ಸೇರಿಕೊಳ್ಳುವವರೂ ಇದ್ದಾರೆ. ಕಾನೂನಿನ ಕಣ್ಣಿಗೆ ಇವೆರಡೂ ಒಂದೇ ಅಲ್ಲ. ಮೀನಿನ ನಿಯಮ ರಾಜ್ಯಕ್ಕೊಂದು, ನೀರಿಗೊಂದು. ಬೇಟೆಗೆ ಇಡೀ ದೇಶಕ್ಕೆ ಇರುವುದು ಒಂದೇ ನಿಯಮ, ಅದರಲ್ಲಿ ಸೀಸನ್ ಎಂಬುದೇ ಇಲ್ಲ.

ಹಿಂದೆ ಇತ್ತು. ಮೈಸೂರು ಸಂಸ್ಥಾನ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಳ ರಕ್ಷಣೆಗೆ ಕಾಯ್ದೆ ಮಾಡಿತ್ತು. ಪುಣೆ, ಧಾರವಾಡ, ಬೆಳಗಾವಿ, ವಿಜಯಪುರಗಳೆಲ್ಲ ಒಂದೇ ಮುಂಬೈ ರಾಜ್ಯದಲ್ಲಿದ್ದ ಕಾಲಕ್ಕೆ ಅಲ್ಲಿ 1951ರ ವನ್ಯಪ್ರಾಣಿ-ಪಕ್ಷಿ ರಕ್ಷಣಾ ಕಾಯ್ದೆ ಬಂತು. ಲೈಸೆನ್ಸ್ ಪಡೆದು ಬೇಟೆಯಾಡುವುದು, ಮರಿ ಮಾಡುವ ತಿಂಗಳಲ್ಲಿ ಕೋವಿ ಕೆಳಗಿಡುವುದು ಆಗಿನ ಪದ್ಧತಿ. ಅಜ್ಜಂದಿರ ಶಿಕಾರಿ ಕತೆಗಳಲ್ಲಿ ಬರುವ ಲೈಸೆನ್ಸು ಅಂಥದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಬಾಗಿಲನ್ನು ಅರ್ಧ ಮುಚ್ಚಿತು, 1991ರ ತಿದ್ದುಪಡಿ ಪೂರ್ತಿ ಮುಚ್ಚಿತು. ಹವ್ಯಾಸದ ಬೇಟೆಗೆ ಇಂದು ಭಾರತದಲ್ಲಿ ಯಾವ ಕಚೇರಿಯಲ್ಲೂ ಪರವಾನಗಿ ಸಿಗುವುದಿಲ್ಲ. ಕೊಡಿಸುತ್ತೇನೆ ಎಂದು ದುಡ್ಡು ಕೇಳುವವನು ಮೋಸಗಾರ.

ಪ್ರಾಣಿಯನ್ನು ಕೊಂದರೆ ಮಾತ್ರ ಬೇಟೆ ಎಂಬ ತಿಳಿವಳಿಕೆಯೂ ತಪ್ಪು. ಉರುಳು ಹಾಕುವುದು, ವಿಷವಿಡುವುದು, ಬಲೆ ಬೀಸುವುದು, ಆಮಿಷ ಒಡ್ಡುವುದು, ಅಟ್ಟಿಸಿಕೊಂಡು ಹೋಗುವುದು, ಗಾಯ ಮಾಡುವುದು, ಹಕ್ಕಿಯ ಮೊಟ್ಟೆ ಎತ್ತುವುದು, ಗೂಡು ಕೆಡಿಸುವುದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ಇಷ್ಟನ್ನು ಮಾಡಲು ಯತ್ನಿಸಿ ಬರಿಗೈಲಿ ಮರಳಿದರೂ ಅಪರಾಧವೇ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಕಾಯ್ದೆಯ ಆರು ಅನುಸೂಚಿಗಳು ನಾಲ್ಕಾಗಿವೆ. ನವಿಲು, ಕೃಷ್ಣಮೃಗ, ನಕ್ಷತ್ರ ಆಮೆಗಳಂಥವು ಮೊದಲನೆಯದರಲ್ಲಿವೆ. ಅವುಗಳನ್ನು ಬೇಟೆಯಾಡಿದರೆ ಮೂರರಿಂದ ಏಳು ವರ್ಷ ಸೆರೆವಾಸ, ಜೊತೆಗೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಊರಕಡೆಯ ಮೊಲ, ಕಾಡುಹಂದಿ, ಕೌಜುಗ, ಕಾಡಿನ ಲಾವಕ್ಕಿಗಳು ಎರಡನೆಯದರಲ್ಲಿವೆ. ಇವುಗಳಿಗೆ ಮೂರು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಭಯಾರಣ್ಯದ ಗಡಿಯೊಳಗೆ ಬೇಟೆಯಾಡಿ ಸಿಕ್ಕಿಬಿದ್ದರೆ ಸಾಮಾನ್ಯ ಪ್ರಾಣಿಗೂ ಮೊದಲ ಪಟ್ಟಿಯ ಶಿಕ್ಷೆಯೇ.

ಮೊಲದ ಮಾತನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಯುಗಾದಿಯ ಆಸುಪಾಸಿನಲ್ಲಿ ನಾಯಿಗಳನ್ನು ಕರೆದುಕೊಂಡು, ಬಡಿಗೆ ಹಿಡಿದು ಹೊಲಗಳಿಗೆ ಇಳಿಯುವುದು ಹಿಂದಿನಿಂದ ನಡೆದುಬಂದಿದೆ. 2025ರ ಯುಗಾದಿಯಲ್ಲಿ ರಾಯಚೂರು ಜಿಲ್ಲೆಯ ತುರ್ವಿಹಾಳದಲ್ಲಿ ಬೇಟೆಯಾಡಿದ ಮೊಲಗಳನ್ನು ಮೆರವಣಿಗೆಯಲ್ಲಿ ಹೊತ್ತು ತಂದ ವಿಡಿಯೊ ರಾಜ್ಯವೆಲ್ಲ ಹರಿದಾಡಿ, ಅರಣ್ಯ ಇಲಾಖೆ ಪ್ರಕರಣ ದಾಖಲಿಸಿತು. ಹಬ್ಬದ ರೂಢಿ ಎಂಬುದು ಕಾಯ್ದೆಯಲ್ಲಿ ವಿನಾಯಿತಿಯಲ್ಲ. ಊರಿಗೆ ಹೋದ ಪುಣೆಯ ಹುಡುಗ ಗುಂಪಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚಿಕೊಂಡರೆ ಅದು ಅವನ ವಿರುದ್ಧವೇ ಸಾಕ್ಷ್ಯವಾಗಬಹುದು.

ರೂಢಿಯನ್ನು ಕೈಬಿಡದೆ ಕಾನೂನನ್ನೂ ಪಾಲಿಸಬಹುದು ಎಂಬುದಕ್ಕೆ ಕೊಡಗು ಒಳ್ಳೆಯ ನಿದರ್ಶನ. ಕೊಡವರಿಗೆ, ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಈಗ ಗುರಿ ಪರೀಕ್ಷೆ ನಡೆಯುವುದು ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯ ಮೇಲೆ. ಕೋವಿಗೆ ಪೂಜೆ ಸಲ್ಲುತ್ತದೆ, ಊರಿನ ಗುರಿಕಾರನಿಗೆ ಹೆಸರೂ ಬರುತ್ತದೆ.

ಇಟ್ಟುಕೊಳ್ಳುವುದು ಬೇರೆ, ಬೇಟೆ ಬೇರೆ ಎಂಬುದು ಏರ್‌ಗನ್ ವಿಷಯದಲ್ಲೂ ಹಲವರಿಗೆ ಗೊಂದಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೌಲ್‌ಗಿಂತ ಕಡಿಮೆ ಶಕ್ತಿಯ .177 ಏರ್‌ಗನ್‌ಗೆ ಲೈಸೆನ್ಸ್ ಬೇಡ. ಅದನ್ನು ಕೊಳ್ಳುವುದು ತಪ್ಪಲ್ಲ, ಅದರಿಂದ ಪಾರಿವಾಳಕ್ಕೋ ಬೆಳವಕ್ಕೋ ಗುರಿಯಿಡುವುದು ತಪ್ಪು. ಮಕ್ಕಳ ಕೈಗೆ ಏರ್‌ಗನ್ ಕೊಟ್ಟು ಸೊಸೈಟಿಯ ಟೆರೇಸಿಗೆ ಕಳಿಸುವ ಪಾಲಕರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಊರಿಂದ ಬರುವಾಗ ಯಾರೋ ಪ್ರೀತಿಯಿಂದ ಡಬ್ಬಿ ತುಂಬಿಕೊಟ್ಟ ಕಾಡುಹಂದಿ ಮಾಂಸದ ಗತಿಯೇನು? ಅದು ಬಳಿ ಸಿಕ್ಕರೆ ಅಕ್ರಮವಲ್ಲ ಎಂದು ರುಜುವಾತು ಮಾಡುವ ಹೊಣೆ ಇಟ್ಟುಕೊಂಡವನದೇ. ಸೋಲಾಪುರ ರಸ್ತೆಯ ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ಡಬ್ಬಿಯ ಜೊತೆಗೆ ಕಾರೂ ಜಪ್ತಿಯಾಗಬಹುದು. ಮನೆಯ ಗೋಡೆಯ ಮೇಲಿನ ಜಿಂಕೆ ಕೊಂಬು, ಅಜ್ಜನ ಕಾಲದ ಹುಲಿ ಉಗುರಿಗೂ ಇದೇ ಮಾತು. 2023ರ ಅಕ್ಟೋಬರಿನಲ್ಲಿ ಹುಲಿ ಉಗುರಿನ ಪದಕ ತೊಟ್ಟಿದ್ದ ಬಿಗ್ ಬಾಸ್ ಸ್ಪರ್ಧಿಯೊಬ್ಬರ ಬಂಧನವಾದ ಮೇಲೆ ಕರ್ನಾಟಕದಲ್ಲಿ ಎಷ್ಟೋ ಮನೆಗಳ ಪೆಟ್ಟಿಗೆಗಳು ತೆರೆದುಕೊಂಡವು. ಅಂಥ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ಸರ್ಕಾರ ಮೂರು ತಿಂಗಳ ಕಾಲಾವಕಾಶವನ್ನೂ ಕೊಟ್ಟಿತು. ತಾನಾಗಿ ಉದುರಿದ ಕೊಂಬನ್ನು ಕಾಡಿನಿಂದ ಎತ್ತಿ ತರುವುದೂ ಸಲ್ಲದು. ತಾನಾಗಿ ಉದುರಿದ ನವಿಲುಗರಿಗೆ ಮಾತ್ರ ದೇಶದೊಳಗೆ ರಿಯಾಯಿತಿ ಇದೆ.

ಬೆಳೆಗೆ ನುಗ್ಗುವ ಹಂದಿಯ ಕಷ್ಟ ಬೇರೆ, ಅದು ನಿಜವಾದ ಕಷ್ಟ. ಕಬ್ಬು, ಜೋಳ, ಶೇಂಗಾ ಬೆಳೆಯುವವರ ನಿದ್ದೆ ಕೆಡಿಸುವ ಈ ಸಮಸ್ಯೆಗೆ ಕಾಯ್ದೆಯ 11ನೇ ಕಲಮಿನಲ್ಲಿ ದಾರಿಯಿದೆ. ಎರಡನೇ ಅನುಸೂಚಿಯ ಪ್ರಾಣಿ ಜೀವಕ್ಕೋ ನಿಂತ ಬೆಳೆಗೋ ಅಪಾಯ ತಂದಾಗ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು ಲಿಖಿತ ಅನುಮತಿ ಕೊಡಬಹುದು. ಜುನ್ನರ್, ಶಿರೂರು ಕಡೆಯ ಚಿರತೆಯಂಥ ಮೊದಲ ಅನುಸೂಚಿಯ ಪ್ರಾಣಿಯಾದರೆ ಈ ಅಧಿಕಾರ ಮುಖ್ಯ ಪರಿಪಾಲಕರದು ಮಾತ್ರ. ಅದೂ ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗದು ಎಂದು ಖಚಿತವಾದ ಮೇಲೆ. ಮೈಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ ಕೃತ್ಯ ಅಪರಾಧವಲ್ಲ. ಬೇಲಿಗೆ ಕರೆಂಟು ಹರಿಸುವುದು, ಹಿಟ್ಟಿನುಂಡೆಯಲ್ಲಿ ಸಿಡಿಮದ್ದು ಇಡುವುದು ಮಾತ್ರ ಯಾವ ಅನುಮತಿಯಲ್ಲೂ ಸೇರುವುದಿಲ್ಲ. ಅದರಿಂದ ದನ, ನಾಯಿ, ಕೊನೆಗೆ ಮನುಷ್ಯರೂ ಸಾಯುತ್ತಾರೆ.

ಇನ್ನು ಮೀನು. ಇಲ್ಲಿ ಸೀಸನ್, ಪರವಾನಗಿ, ಅಳತೆ ಎಲ್ಲವೂ ಇವೆ, ಎಲ್ಲಕ್ಕೂ ಮೊದಲು ಕೇಳಬೇಕಾದದ್ದು ನೀರು ಯಾರದು ಎಂಬುದು. ಮಹಾರಾಷ್ಟ್ರದ ಒಳನಾಡು ನೀರಿಗೆ 1960ರ ಮೀನುಗಾರಿಕಾ ಕಾಯ್ದೆ ಅನ್ವಯವಾಗುತ್ತದೆ. ಜಲಾಶಯ, ಕೆರೆಗಳನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಠೇಕಾ ಕೊಡಲಾಗಿರುತ್ತದೆ. ಸಂಘದವರು ಮರಿ ತಂದು ಬಿಟ್ಟಿರುತ್ತಾರೆ, ಕಾದು ಬೆಳೆಸಿರುತ್ತಾರೆ. ಭಾನುವಾರ ಕಾರಿನಲ್ಲಿ ಹೋಗಿ ಅಲ್ಲಿ ಗಾಳ ಹಾಕುವುದು ಇನ್ನೊಬ್ಬರ ಹೊಲದಲ್ಲಿ ತೆನೆ ಕೊಯ್ದಂತೆ. ಸಂಘದವರನ್ನು ಕೇಳಿ, ಅವರು ಹೇಳಿದ ಶುಲ್ಕ ಕೊಟ್ಟು ರಸೀದಿ ಪಡೆಯುವುದು ಸರಿಯಾದ ದಾರಿ. ಅಣೆಕಟ್ಟಿನ ಹತ್ತಿರದ ನಿಷೇಧಿತ ಪ್ರದೇಶ ನೀರಾವರಿ ಇಲಾಖೆಯ ಹತೋಟಿಯಲ್ಲಿರುವುದರಿಂದ ಅಲ್ಲಿನ ಫಲಕಗಳನ್ನೂ ಓದಿಕೊಳ್ಳಬೇಕು. ಅನುಮಾನವಿದ್ದರೆ ಪುಣೆಯ ಮತ್ಸ್ಯವ್ಯವಸಾಯ ವಿಭಾಗದ ಸಹಾಯಕ ಆಯುಕ್ತರ ಕಚೇರಿಯಲ್ಲಿ ಯಾವ ಕೆರೆ ಯಾರ ಠೇಕೆಯಲ್ಲಿದೆ ಎಂದು ವಿಚಾರಿಸಬಹುದು.

ಖರಾಡಿಯ ದಂಡೆಯಲ್ಲಿ ಗಾಳಕ್ಕೆ ಬೀಳುವುದು ಬಹುಮಟ್ಟಿಗೆ ಚಿಲಾಪಿ, ಅಂದರೆ ನಮ್ಮ ಕಡೆಯ ಜಿಲೇಬಿ ಮೀನು, ಮತ್ತು ಆಫ್ರಿಕದ ಮಾಗೂರ್. ಎರಡೂ ಹೊರನಾಡಿನ ಗಟ್ಟಿ ಜೀವಗಳು, ಆಮ್ಲಜನಕ ಕಡಿಮೆಯಿರುವ ಕೊಳಚೆಯಲ್ಲೂ ಬದುಕಬಲ್ಲವು. ಸ್ಥಳೀಯ ಮೀನನ್ನು ತಿಂದುಹಾಕುವ ಮಾಗೂರನ್ನು ಸಾಕುವುದಕ್ಕೇ ನಿಷೇಧವಿದೆ. ಭಿಗವಣ, ಇಂದಾಪುರದ ಆಸುಪಾಸಿನಲ್ಲಿ ಗುಟ್ಟಾಗಿ ಸಾಕಿದ ಮಾಗೂರನ್ನು ಅಧಿಕಾರಿಗಳು ನಾಶಪಡಿಸಿದ್ದಾರೆ. ಇಡೀ ಪುಣೆಯ ಕೊಳಚೆ ಹೊತ್ತು ಬರುವ ಈ ಹರಿವಿನಿಂದ ಹಿಡಿದ ಮೀನನ್ನು ತಿನ್ನುವುದು ಬೇಡ, ಮಕ್ಕಳಿಗಂತೂ ಬೇಡವೇ ಬೇಡ. ಅಕ್ವೇರಿಯಂ ಸಾಕಾದವರು ಸಕ್ಕರ್ ಮೀನನ್ನು ನದಿಗೆ ಬಿಡಲೂಬಾರದು. ಉಜನಿಯ ಮೀನುಗಾರರ ಬಲೆಗಳಲ್ಲಿ ಈಗ ಆ ಮುಳ್ಳುಮೈಯ ಮೀನು ಸಿಕ್ಕಿಕೊಂಡು ನೂಲು ಹರಿಯುತ್ತಿದೆ. ಅದನ್ನು ಕೊಳ್ಳುವವರಿಲ್ಲ, ಬಲೆ ಹೊಲಿಯುವ ಕೂಲಿಯೂ ಬೆಸ್ತರ ತಲೆಗೇ.

ಗಡಿ ದಾಟಿ ಕರ್ನಾಟಕಕ್ಕೆ ಬಂದರೆ 1996ರ ಒಳನಾಡು ಮೀನುಗಾರಿಕಾ ಕಾಯ್ದೆ ಎದುರಾಗುತ್ತದೆ. ಸಣ್ಣ ಕೆರೆಗಳ ಮೀನಿನ ಹಕ್ಕನ್ನು ಗ್ರಾಮ ಪಂಚಾಯಿತಿ, ದೊಡ್ಡವುಗಳದ್ದನ್ನು ಮೀನುಗಾರಿಕೆ ಇಲಾಖೆ ಗುತ್ತಿಗೆ ಕೊಡುತ್ತವೆ. ಗುತ್ತಿಗೆ ಇಲ್ಲದ ನದಿ, ಜಲಾಶಯಗಳಲ್ಲಿ ಇಲಾಖೆಯ ಪರವಾನಗಿ ಬೇಕು. ತಾಲ್ಲೂಕು ಮಟ್ಟದ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿದರೆ ಯಾವ ನೀರಿಗೆ ಯಾವ ಕಾಗದ ಎಂಬುದು ತಿಳಿಯುತ್ತದೆ. ತೋಟೆ ಸಿಡಿಸುವುದು, ವಿಷ ಕಲಸುವುದು ಇಂದು ನಿನ್ನೆಯ ನಿಷೇಧವಲ್ಲ. 1897ರ ಭಾರತೀಯ ಮೀನುಗಾರಿಕಾ ಕಾಯ್ದೆಯಲ್ಲೇ ಅವೆರಡಕ್ಕೂ ಶಿಕ್ಷೆಯಿದೆ.

ಒಳನಾಡಿನ ನೀರಿನಲ್ಲಿ ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಗಾಳ, ಬಲೆಗಳನ್ನು ಯಾಕೆ ಕೆಳಗಿಡಬೇಕು ಎಂಬುದು ಅರ್ಥವಾಗಬೇಕಾದರೆ ಮಲೆನಾಡಿನ ಹತ್ತುಮೀನನ್ನು ನೋಡಬೇಕು. ಜೂನಿನ ಮೊದಲ ಜೋರು ಮಳೆಗೆ ಹೊಳೆ ಕೆಂಪಾಗಿ ಏರುತ್ತಲೇ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಬದುವಿನ ತೋಡಿಗೆ ಎದುರು ಈಜಿ ಹತ್ತುತ್ತವೆ. ಜನ ರಾತ್ರಿ ಟಾರ್ಚು, ಕತ್ತಿ ಹಿಡಿದು ಕಾಯುತ್ತಾರೆ. ನೀರು ಬೀಳುವ ಕಂಡಿಗೆ ಕೂಣಿ, ಅಂದರೆ ಮೀನಿನ ಬೋನು, ಒಡ್ಡಿ ಬೆಳಗ್ಗೆ ಎತ್ತಿದರೆ ಒಳಗಿರುವ ಮೀನಿನ ಹೊಟ್ಟೆ ಬೆರಳು ತಾಗಿದರೂ ಮೊಟ್ಟೆ ಸುರಿಯುವಷ್ಟು ತುಂಬಿರುತ್ತದೆ. ಒಂದು ಮೀನಿನಲ್ಲಿ ಸಾವಿರಗಟ್ಟಲೆ ಮೊಟ್ಟೆ. ಸಾರಿಗೆ ರುಚಿ ಕೊಡುವ ಆ ಮೊಟ್ಟೆಯೇ ಮುಂದಿನ ವರ್ಷದ ಮೀನು. ಹತ್ತುಮೀನಿನ ಸಡಗರ ಮಲೆನಾಡಿನವರ ರಕ್ತದಲ್ಲಿದೆ ನಿಜ, ಆದರೆ ಹಳ್ಳದುದ್ದಕ್ಕೂ ಸಾಲಾಗಿ ಕೂಣಿ ಇಟ್ಟು ಒಂದನ್ನೂ ಮೇಲಕ್ಕೆ ಬಿಡದಿರುವುದು ಹಿಂದಿನವರ ರೂಢಿಯಲ್ಲಿ ಇರಲಿಲ್ಲ. ಈಗ ಅದಕ್ಕೆ ಬ್ಯಾಟರಿಯ ಕರೆಂಟೂ ಸೇರಿಕೊಂಡಿದೆ. ಕರೆಂಟು ಹಾಯಿಸಿ ಮೀನು ಹಿಡಿಯುವುದು ಕಾನೂನುಬಾಹಿರ, ನೀರಿಗಿಳಿದವನ ಜೀವಕ್ಕೂ ಸಂಚಕಾರ.

ಕೆಲವು ಕಡೆ ವರ್ಷವಿಡೀ ಕೈ ಹಾಕುವಂತಿಲ್ಲ. ಶೃಂಗೇರಿಯ ತುಂಗೆ, ತೀರ್ಥಹಳ್ಳಿ ತಾಲ್ಲೂಕಿನ ಛಿಪ್ಪಲಗುಡ್ಡೆ, ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಮತ್ಸ್ಯತೀರ್ಥ ಇವೆಲ್ಲ ದೇವರ ಮೀನುಗಳ ತಾಣಗಳು. ಅಲ್ಲಿ ಮೀನಿಗೆ ಪುರಿ ಎಸೆಯುತ್ತಾರೆ, ಗಾಳ ಎಸೆಯುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ಯಾರೋ ಕಪಿಲೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತಾಗ ಊರವರು ಅವುಗಳ ನೆನಪಿಗೆ ಸ್ಮಾರಕವನ್ನೇ ಕಟ್ಟಿದರು.

ಕಾವೇರಿಯ ಬಿಳಿಮೀನಿನ, ಅಂದರೆ ಮಹಶೀರಿನ, ಕತೆಯಲ್ಲಿ ಪುಣೆ ಜಿಲ್ಲೆಗೂ ಪಾತ್ರವಿದೆ. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳದಿಂದ ಎತ್ತಿದ್ದು 120 ಪೌಂಡಿನ, ಅಂದರೆ 54 ಕಿಲೋ ತೂಗುವ ಮೀನು. ಮುಂದೆ ಕಾವೇರಿಯಲ್ಲಿ ಮೀನು ಕಡಿಮೆಯಾಯಿತೆಂದು, ಲೋನಾವಳದ ವಳವಣದಲ್ಲಿ ಟಾಟಾ ಕಂಪನಿ ನಡೆಸುತ್ತಿದ್ದ ಮರಿಪಾಲನಾ ಕೇಂದ್ರದ ನೀಲಿರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಡಲಾಯಿತು. ಸದುದ್ದೇಶದ ಕೆಲಸವೇ. ಆದರೆ ಹೊರಗಿನ ಜಾತಿ ಹೆಚ್ಚಿದಂತೆ ಕಾವೇರಿಯದೇ ಆದ ಡುಬ್ಬದ ಮಹಶೀರ್ ಕಾಣದಾಗುತ್ತ ಬಂತು. 2018ರಲ್ಲಿ ಅದು ಜಾಗತಿಕ ಕೆಂಪು ಪಟ್ಟಿಯ ಅತಿ ಗಂಡಾಂತರದ ದರ್ಜೆಗೆ ಸೇರಿತು. ಒಂದು ನದಿಯ ಮೀನನ್ನು ಇನ್ನೊಂದಕ್ಕೆ ಬಿಡಬಾರದು ಎಂಬ ಎಚ್ಚರಿಕೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಹಿಡಿದು ಮರಳಿ ಬಿಡುವ ಗಾಳಕ್ಕೆ ದೇಶವಿದೇಶಗಳಿಂದ ಜನ ಬರುತ್ತಿದ್ದರು. ಕಾವೇರಿ ವನ್ಯಜೀವಿ ಧಾಮದೊಳಗಿನ ಆ ಹವ್ಯಾಸ 2012ರ ಹೊತ್ತಿಗೆ ನಿಂತುಹೋಯಿತು. ಹಳೆಯ ಲೇಖನ, ವಿಡಿಯೊಗಳನ್ನು ನೋಡಿ ರಾಡು ಹಿಡಿದು ಹೊರಡುವವರು ಇದನ್ನು ತಿಳಿದಿರಬೇಕು.

ಸಮುದ್ರದ ಲೆಕ್ಕ ಸರಳ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಪೂರ್ವ ಕರಾವಳಿಗೆ ಏಪ್ರಿಲ್ 15ರಿಂದ ಜೂನ್ 14. ಕಣ್ಣು ಕೋರೈಸುವ ಎಲ್‌ಇಡಿ ದೀಪ ಹಚ್ಚಿ ಮೀನು ಸೆಳೆಯುವುದನ್ನು ಕೇಂದ್ರ 2017ರಲ್ಲೇ ನಿಷೇಧಿಸಿದೆ. ಮಹಾರಾಷ್ಟ್ರ 2021ರ ತಿದ್ದುಪಡಿಯಲ್ಲಿ ಇಂಥವಕ್ಕೆ ದಂಡವನ್ನು ಲಕ್ಷಗಳ ಲೆಕ್ಕಕ್ಕೆ ಏರಿಸಿತು.

ಅಳತೆಯ ನಿಯಮ ದೋಣಿಯವರಿಗಷ್ಟೇ ಸಂಬಂಧಿಸಿದ್ದಲ್ಲ, ಖರಾಡಿಯ ಮೀನಂಗಡಿಯಲ್ಲಿ ನಿಂತ ಗಿರಾಕಿಗೂ ಅದು ಗೊತ್ತಿರಬೇಕು. ಮಹಾರಾಷ್ಟ್ರ 2023ರಲ್ಲಿ 54 ಜಾತಿಯ ಮೀನುಗಳಿಗೆ ಕನಿಷ್ಠ ಉದ್ದ ಗೊತ್ತುಮಾಡಿದೆ. ಅದೇ ವರ್ಷ ರಾಜ್ಯಮೀನಿನ ಪಟ್ಟ ಪಡೆದ ಪಾಪಲೇಟ್, ಕರಾವಳಿ ಕನ್ನಡಿಗರ ಮಾಂಜಿ, 135 ಮಿಲಿಮೀಟರಿಗಿಂತ ಗಿಡ್ಡ ಇರಬಾರದು. ಮೂತಿಯ ತುದಿಯಿಂದ ಬಾಲದ ತುದಿಯವರೆಗೆ ಶಾಲೆಯ 15 ಸೆಂಟಿಮೀಟರ್ ಸ್ಕೇಲು ಇಟ್ಟರೆ ಸಾಕು: ಹದಿಮೂರೂವರೆಯ ಗೆರೆ ಮುಟ್ಟದ ಮೀನು ಒಮ್ಮೆಯೂ ಮರಿ ಮಾಡದೆ ಬಲೆಗೆ ಬಿದ್ದದ್ದು. ಅಗ್ಗಕ್ಕೆ ಸಿಕ್ಕಿತೆಂದು ಅಂಗೈಯಗಲದ ಪಾಪಲೇಟ್ ಕೊಳ್ಳುವುದನ್ನು ಗಿರಾಕಿಗಳು ಬಿಟ್ಟರೆ ಮಾರುವವನೂ ತರುವುದು ಬಿಡುತ್ತಾನೆ. ಕೊಂಕಣ ಪ್ರವಾಸದಲ್ಲಿ ಕಡಲ ಕುದುರೆ, ಕಡಲ ಸೌತೆ, ಹವಳವನ್ನು ನೆನಪಿಗೆಂದು ತರುವುದೂ ಸಲ್ಲದು. ಮೂರೂ ಮೊದಲನೇ ಅನುಸೂಚಿಯವು.

ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋಗುವವರಿಗೆ ಅಲ್ಲಿನ ವ್ಯವಸ್ಥೆ ತೀರ ಬೇರೆಯಾಗಿ ಕಾಣುತ್ತದೆ. ಬೇಟೆಗೂ ಸೀಸನ್ನಿದೆ, ಬಾತುಕೋಳಿ ಬೇಟೆಗೆ 1934ರಿಂದ ಜಾರಿಯಲ್ಲಿರುವ ಫೆಡರಲ್ ಡಕ್ ಸ್ಟ್ಯಾಂಪ್ 25 ಡಾಲರಿಗೆ ಸಿಗುತ್ತದೆ, ಆ ಹಣ ಜೌಗುಭೂಮಿ ಕಾಪಾಡಲು ಹೋಗುತ್ತದೆ. ಗಾಳಕ್ಕೆ ಆಯಾ ರಾಜ್ಯದ ಲೈಸೆನ್ಸ್ ಬೇಕು, ಹಿಡಿದು ಬಿಡುವುದಾದರೂ ಬೇಕು. ಟೆಕ್ಸಾಸಿನಲ್ಲಿ ಲೈಸೆನ್ಸಿನ ವರ್ಷ ಸೆಪ್ಟೆಂಬರ್ 1ರಿಂದ ಶುರು, 17 ವರ್ಷದೊಳಗಿನ ಮಕ್ಕಳಿಗೆ ಲೈಸೆನ್ಸ್ ಬೇಡ. ಲಾರ್ಜ್‌ಮೌತ್ ಬಾಸ್ ಸಾಮಾನ್ಯವಾಗಿ 14 ಇಂಚಿಗೆ ಕಡಿಮೆಯಿದ್ದರೆ ನೀರಿಗೆ ಬಿಡಬೇಕು, ದಿನಕ್ಕೆ ಐದಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಕೆರೆಯಿಂದ ಕೆರೆಗೆ ಈ ಮಿತಿ ಬದಲಾಗುವುದರಿಂದ ಹೊರಡುವ ಮುನ್ನ ಆಯಾ ಕೆರೆಯ ನಿಯಮ ನೋಡಿಕೊಳ್ಳಬೇಕು.

ಉರುಳು, ಬೇಟೆ, ಕಾಡುಮಾಂಸದ ಮಾರಾಟ, ಪಂಜರದ ಗಿಳಿ ವ್ಯಾಪಾರ ಕಣ್ಣಿಗೆ ಬಿದ್ದರೆ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಅರಣ್ಯ ಸಹಾಯವಾಣಿಯ ಸಂಖ್ಯೆ ಒಂದೇ: 1926. ಜಾಗದ ಹೆಸರು, ಹತ್ತಿರದ ಗುರುತು, ಸಮಯ, ವಾಹನವಿದ್ದರೆ ಅದರ ನಂಬರು ಹೇಳಿದರೆ ಸಿಬ್ಬಂದಿ ಬೇಗ ತಲುಪುತ್ತಾರೆ. ಉರುಳಿನಲ್ಲಿ ಪ್ರಾಣಿ ಇನ್ನೂ ಜೀವಂತ ಇದ್ದರೆ ತಾವಾಗಿ ಬಿಡಿಸಲು ಹೋಗದೆ, ಜನ ಸೇರದಂತೆ ನೋಡಿಕೊಂಡು, ಇಲಾಖೆಯವರು ಬರುವವರೆಗೆ ದೂರದಲ್ಲಿ ಕಾಯಬೇಕು.